ಒಂದೇ ಅಳತೆಯ ಎರಡು ಹಾಳೆ

ಶನಿವಾರ ಬೆಳಿಗ್ಗೆ ಆರೂವರೆಗೆ ಮೂಡುಬಿದಿರೆಯಲ್ಲಿ ಬಂಟ್ವಾಳದ ಬಸ್ಸು ಹತ್ತಿದೆ. ಖಾಸಗಿ ಬಸ್ಸಾದ್ದರಿಂದ ಹೆಂಗಸರೂ ಟಿಕೆಟು ಕೊಳ್ಳಬೇಕು. ತೊಡೆಯ ಮೇಲಿನ ಚೀಲದಲ್ಲಿ ಎರಡು ಕಿಲೋ ಬಿಳಿ ಬೆಳ್ತಿಗೆ ಅಕ್ಕಿ, ಡ್ರಾಯಿಂಗ್ ಹಾಳೆಗಳು, ಗಮ್ ಟೇಪು ಇದ್ದವು.

"ಎಲ್ಲಿಗೆ ಟೀಚರ್, ಅಕ್ಕಿ ಹಿಡ್ಕೊಂಡು?" ಎಂದು ಕಂಡಕ್ಟರ್ ನಕ್ಕ. ನನಗೆ ನಗು ಬರಲಿಲ್ಲ.

ಹೋಗುತ್ತಿದ್ದುದು ಮೆಲ್ಕಾರಿನ ಒಳರಸ್ತೆಯ ಒಂದು ಪ್ರಾಥಮಿಕ ಶಾಲೆಗೆ. ಅಲ್ಲಿಯ ಟೀಚರ್ ವಾರಿಜ ಎರಡು ವರ್ಷದ ಹಿಂದೆ ನಾನು ನಡೆಸಿದ ಗಣಿತ ತರಬೇತಿಯೊಂದರಲ್ಲಿ ಪರಿಚಯವಾದವಳು. ಮಕ್ಕಳ ಕೈಗೆ ಸಾಮಾನು ಕೊಟ್ಟರೆ ಗಣಿತ ತಾನಾಗಿ ಬರುತ್ತದೆ ಎಂದು ನಾನು ಹೇಳಿದ್ದನ್ನು ಪೂರ್ತಿ ನಂಬಿದಳು. ಈಗ ಮಕ್ಕಳ ಪುಸ್ತಕ ಖಾಲಿ ಎಂದು ಪೋಷಕರು ಟಿ.ಸಿ. ಕೇಳುತ್ತಿದ್ದರು. ಅವಳ ಐದನೆಯ ತರಗತಿಯಲ್ಲಿ ಇದ್ದದ್ದೇ ಹನ್ನೊಂದು ಮಕ್ಕಳು. "ಶನಿವಾರ ಎಲ್ಲರನ್ನೂ ಕರೆದಿದ್ದೇನೆ ಸುಮಕ್ಕ. ನನ್ನೊಬ್ಬಳಿಂದ ಆಗುವುದಿಲ್ಲ, ನೀವು ಬನ್ನಿ" ಎಂದು ಫೋನಿನಲ್ಲಿ ಅತ್ತಿದ್ದಳು.

ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತಾಗ ಬನ್ಸ್ ಕೊಂಡು, ತಿನ್ನದೆ ಚೀಲಕ್ಕೆ ಹಾಕಿಕೊಂಡೆ. ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ, ಪಾಣೆಮಂಗಳೂರಿನ ಸೇತುವೆ ದಾಟಿ ಮೆಲ್ಕಾರಿನಲ್ಲಿ ಇಳಿದೆ. ಅಲ್ಲಿಂದ ರಿಕ್ಷಾ. ಒಂಬತ್ತು ಗಂಟೆಗೆಲ್ಲ ಬಿಸಿಲು ಸುಡುತ್ತಿತ್ತು.

ತರಗತಿಯ ಬೆಂಚುಗಳಲ್ಲಿ ಪೋಷಕರು, ಗೋಡೆಗೆ ಒರಗಿ ಮಕ್ಕಳು. ಮೊದಲು ಎದ್ದವರು ದಿನಸಿ ಅಂಗಡಿಯ ಹಸನಬ್ಬರು. ಮೊಮ್ಮಗಳು ಆಯಿಶಾ ಇದೇ ತರಗತಿಯವಳು. ಅವರು ವಾರಿಜಳ ಕಡೆ ತಿರುಗಿದರು.

"ಟೀಚರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮಗ ಸೌದಿಯ ದಮ್ಮಾಮಿನಿಂದ ಫೋನ್ ಮಾಡ್ತಾನೆ, ಇವತ್ತು ಎಂಥ ಲೆಕ್ಕ ಕಲಿತದ್ದು ಅಂತ ಕೇಳ್ತಾನೆ. ಇವಳು ಅಂಗಳ ಅಳೆದೆವು ಅಂತಾಳೆ. ಪುಸ್ತಕ ನೋಡಿದ್ರೆ ಒಂದು ಅಕ್ಷರ ಇಲ್ಲ. ನಾನು ಅವನಿಗೆ ಎಂಥ ಹೇಳುವುದು?"

ವಾರಿಜ ನನ್ನ ಮುಖ ನೋಡಿದಳು. ಒಂದೇ ಅಳತೆಯ ಎರಡು ಹಾಳೆ ತೆಗೆದೆ. ಒಂದನ್ನು ಉದ್ದಕ್ಕೆ ಸುತ್ತಿ ಸಪೂರ ಕೊಳವೆ ಮಾಡಿದೆ, ಇನ್ನೊಂದನ್ನು ಅಡ್ಡಕ್ಕೆ ಸುತ್ತಿ ಗಿಡ್ಡ, ದಪ್ಪ ಕೊಳವೆ. ಯಾವುದರಲ್ಲಿ ಅಕ್ಕಿ ಹೆಚ್ಚು ಹಿಡಿಯುತ್ತದೆ ಎಂದು ಕೇಳಿದೆ.

"ಹಾಳೆ ಒಂದೇ ಅಲ್ವಾ? ಅಕ್ಕಿಯೂ ಅಷ್ಟೇ ಹಿಡೀತದೆ. ನಲವತ್ತು ವರ್ಷ ಅಕ್ಕಿ ಮಾರಿದವ ನಾನು ಮಾರಾಯ್ರೆ" ಎಂದರು ಹಸನಬ್ಬರು.

ಸಪೂರ ಕೊಳವೆಗೆ ಅಕ್ಕಿ ಸುರಿಯುತ್ತ ಹೋದೆ. ಅರ್ಧ ತುಂಬುವಷ್ಟರಲ್ಲಿ ಟೇಪು ಬಿಟ್ಟು ಅಕ್ಕಿ ನೆಲದ ತುಂಬ ಹರಡಿತು. ಹಿಂದೆ ಯಾರೋ ನಕ್ಕರು. ಕಿವಿ ಬಿಸಿಯಾಗಿ, ನೆಲಕ್ಕೆ ಕೂತು ಅಕ್ಕಿ ಬಳಿಯತೊಡಗಿದೆ.

ಆಯಿಶಾ ಬಂದು ಪಕ್ಕದಲ್ಲಿ ಕೂತಳು. "ಟೀಚರ್, ನೀವು ಮೇಲೆ ಮಾತ್ರ ಅಂಟಿಸಿದ್ದು. ನಡುವೆಯೂ ಬೇಕು, ಕೆಳಗೂ ಬೇಕು." ತಾನೇ ಸುತ್ತಿ ಅಂಟಿಸಿದಳು. ಸಪೂರದ್ದನ್ನು ದಪ್ಪದ್ದರ ಒಳಗೆ ನಿಲ್ಲಿಸಿ, ಗೆಳತಿಯರಿಂದ ಹಿಡಿಸಿ, ಬಾಯಿತನಕ ಅಕ್ಕಿ ತುಂಬಿದಳು. ಆಮೇಲೆ ಮೆಲ್ಲನೆ ಸಪೂರ ಕೊಳವೆಯನ್ನು ಮೇಲಕ್ಕೆ ಎಳೆದಳು. ಅಕ್ಕಿಯೆಲ್ಲ ದಪ್ಪ ಕೊಳವೆಯೊಳಗೆ ಕುಸಿಯಿತು.

"ಅಜ್ಜಾ, ಇನ್ನೂ ಜಾಗ ಉಂಟು!"

ಹಸನಬ್ಬರು ಎದ್ದು ಬಂದು ಕೊಳವೆಯೊಳಗೆ ಕೈ ಹಾಕಿ ನೋಡಿದರು. ಅದೇ ಕಟ್ಟಿನ ಹೊಸ ಹಾಳೆ ಎರಡನ್ನು ಒಂದರ ಮೇಲೊಂದಿಟ್ಟು ಅಂಚು ಸರಿಹೊಂದಿಸಿದರು. ಮೋಸವಿರಲಿಲ್ಲ. "ಅದು ಹೇಗೆ?" ಎಂದು ವಾರಿಜಳನ್ನೇ ಕೇಳಿದರು.

"ಅದನ್ನು ಸೋಮವಾರ ಇವಳೇ ಪುಸ್ತಕದಲ್ಲಿ ಬರೆದು ತೋರಿಸ್ತಾಳೆ" ಎಂದಳು ವಾರಿಜ. ಅವಳ ಧ್ವನಿ ಆ ದಿನ ಮೊದಲ ಬಾರಿ ಗಟ್ಟಿಯಾಗಿತ್ತು.

ನನಗೆ ನಾಚಿಕೆಯಾಯಿತು. ಕೈಯಿಂದ ಮಾಡಿದ್ದನ್ನು ಬರೆಸಲೂ ಬೇಕೆಂದು ನಾನು ಅವಳಿಗೆ ಹೇಳಿರಲೇ ಇಲ್ಲ. ಹಸನಬ್ಬರ ದೂರಿನಲ್ಲಿ ತಪ್ಪಿರಲಿಲ್ಲ.

"ವಾರ್ಷಿಕ ಪರೀಕ್ಷೆ ತನಕ ಇರಲಿ. ಮತ್ತೆ ನೋಡುವ" ಎಂದು ಅವರು ಟಿ.ಸಿ.ಗೆ ಬರೆದು ತಂದಿದ್ದ ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆದರೆ ಬಾಗಿಲ ಬಳಿ ಕೂತಿದ್ದ ಒಬ್ಬ ತಾಯಿ ತನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟು ಮಗನ ಕೈಹಿಡಿದು ಹೋದಳು.

ಮಧ್ಯಾಹ್ನ ವಾರಿಜ ಮೆಲ್ಕಾರಿನ ತನಕ ಬಂದು ನನ್ನನ್ನು ಬಸ್ಸು ಹತ್ತಿಸಿದಳು. "ಉಳಿದ ಹತ್ತು ಮಂದಿ ನಿಲ್ತಾರಾ?" ಎಂದು ಕಿಟಕಿಯಿಂದ ಕೇಳಿದೆ.

"ಗೊತ್ತಿಲ್ಲ ಸುಮಕ್ಕ. ಸೋಮವಾರ ಬಂದರೆ ಬಂದರು."

ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಶಾಲೆ ಬಿಟ್ಟು ಗಂಟೆ ಕಳೆದಿತ್ತು. ಆದರೂ ಅವಳು ಮನೆಯ ದಾರಿ ಹಿಡಿಯದೆ, ಬಿಸಿಲಿಗೆ ಸೆರಗು ಮರೆಮಾಡಿ, ಸೋಮವಾರದ ಪಾಠಕ್ಕೆಂದು ನಾನು ಹಾಳೆ, ಅಕ್ಕಿ ಬಿಟ್ಟುಬಂದಿದ್ದ ಶಾಲೆಯ ಕಡೆಗೇ ಬೇಗಬೇಗ ನಡೆಯುತ್ತಿದ್ದಳು.