ಎಲ್ಲರದ್ದೂ ಆದ ಮೇಲೆ ಅಮ್ಮನ ಊಟ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಕಟ್ಟಿದವನು ಗಂಡಸೇ ಇರಬೇಕು. ಕಾಪುವಿನ ನಮ್ಮ ಮನೆಯಲ್ಲಿ ಅಮ್ಮನಿಗೆ ಊಟವೂ ಪರರಿಚ್ಛೆಯೇ ಆಗಿತ್ತು. ಮೊದಲು ಅಪ್ಪ, ಆಮೇಲೆ ಅಣ್ಣ, ಆಮೇಲೆ ನಾನು. ಬಂಗುಡೆ ಮೀನಿನ ತುಂಡುಗಳೆಲ್ಲ ಮುಗಿದು ಬರೀ ಸಾರು ಉಳಿದಾಗ ಅಮ್ಮ ಕೂರುತ್ತಿದ್ದಳು. ಕೊನೆಗೆ ಉಣ್ಣುವವಳು ಪಾತ್ರೆ ಖಾಲಿ ಮಾಡಬೇಕು, ಅನ್ನ ಚೆಲ್ಲಿದರೆ ಪಾಪ. ಹಾಗಾಗಿ ಉಳಿದ ಕುಚ್ಚಲಕ್ಕಿ ಅನ್ನವನ್ನೆಲ್ಲ ಹಸಿವಿದ್ದರೂ ಇಲ್ಲದಿದ್ದರೂ ಅವಳೇ ನುಂಗುತ್ತಿದ್ದಳು.

ವಯಸ್ಸಾಗುತ್ತಾ ಅವಳು ದಪ್ಪಗಾದಳು. ಅಪ್ಪನಿಗೂ ಹೊಟ್ಟೆ ಬಂತು. ಅಪ್ಪನದ್ದು ಸುಖದ ಹೊಟ್ಟೆ ಎಂದರು ನೆಂಟರು. ಅಮ್ಮನನ್ನು ಕಂಡರೆ ಮಾತ್ರ, "ಎಂತ ಮಾರಾಯ್ತಿ, ಅಡುಗೆಮನೆಯಲ್ಲಿ ಕದ್ದು ತಿನ್ನುವುದಾ?" ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಇಬ್ಬರಿಗೂ ಸಕ್ಕರೆ ಕಾಯಿಲೆ ಬಂತು. ಅಪ್ಪನ ಮಾತ್ರೆ, ಅಪ್ಪನ ಚಪಾತಿ ಎಲ್ಲವನ್ನೂ ಅಮ್ಮ ಹೊತ್ತಿಗೆ ಸರಿಯಾಗಿ ಕೊಟ್ಟಳು, ಅವರ ಸಕ್ಕರೆ ಹತೋಟಿಗೆ ಬಂತು. ಅವಳದ್ದು ಏರಿ ಇನ್ಸುಲಿನ್ ಶುರುವಾಯಿತು. ಚುಚ್ಚಿಕೊಂಡ ಸ್ವಲ್ಪ ಹೊತ್ತಿನಲ್ಲೇ ಉಣ್ಣಬೇಕು, ತಡವಾದರೆ ಜೀವಕ್ಕೇ ಅಪಾಯ ಎಂದು ಮಣಿಪಾಲದ ಡಾಕ್ಟರು ಮನೆಯವರಿಗೆಲ್ಲ ಬಿಡಿಸಿ ಹೇಳಿದರು. ಅಮ್ಮ ತಲೆಯಾಡಿಸಿದಳು. ಅಪ್ಪನಿಗೂ ಅಣ್ಣನಿಗೂ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಒಂದು ಭಾನುವಾರ ನಾನು ಕಾರ್ಕಳದ ಗಂಡನ ಮನೆಯಿಂದ ಬಂದಿದ್ದೆ. ಅಮ್ಮ ಚುಚ್ಚಿಕೊಂಡ ಮೇಲೆ ಅವಳ ಮುಂದೆ ಬಟ್ಟಲು ತಂದಿಟ್ಟೆ. ಅವಳು ಅದನ್ನು ಮುಚ್ಚಿಟ್ಟಳು. "ಅಣ್ಣ ಅಂಗಡಿಯಿಂದ ಹಸಿದು ಬರ್ತಾನೆ. ಅವನದ್ದು ಆಗದೆ ನಾನು ಉಣ್ಣುವುದು ಹೇಗೆ?" ಅಂದಳು. ಅಣ್ಣ ತಡವಾಗಿ ಬಂದ. ಅವನಿಗೆ ಬಡಿಸುತ್ತಿದ್ದಾಗಲೇ ಅಮ್ಮ ಬೆವತು, ನಡುಗಿ, ಗೋಡೆ ಹಿಡಿದು ಕುಸಿದಳು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡಳು.

ಮರುದಿನ ನಾನು ಅವಳನ್ನು ಒತ್ತಾಯದಿಂದ ಮೊದಲು ಕೂರಿಸಿದೆ. ಅಪ್ಪ ಬಾಗಿಲಲ್ಲಿ ನಿಂತು ತಮಾಷೆಗೇ ಕೇಳಿದರು, "ಎಂತ, ಇವತ್ತು ನಿನ್ನದು ಮೊದಲಾ?" ಅಷ್ಟೇ. ಅಮ್ಮ ಎದ್ದು ಕೈ ತೊಳೆದಳು.

ಆಮೇಲೆ ಅವಳು ತನ್ನದೇ ದಾರಿ ಹುಡುಕಿಕೊಂಡಳು. ಚುಚ್ಚಿಕೊಂಡರೆ ತಾನೇ ಮೊದಲು ಉಣ್ಣಬೇಕಾದದ್ದು? ಚುಚ್ಚಿಕೊಳ್ಳುವುದನ್ನೇ ಬಿಟ್ಟಳು. ಫೋನಿನಲ್ಲಿ ಕೇಳಿದರೆ "ಆಯ್ತು, ಆಯ್ತು" ಅನ್ನುತ್ತಿದ್ದಳು. ಅವಳ ಕಾಲಿಗೆ ಆಗಿದ್ದ ಸಣ್ಣ ಗಾಯ ಮಾಯದೆ ಕೊಳೆತು ನಾರುವವರೆಗೆ ನಮಗ್ಯಾರಿಗೂ ಗೊತ್ತಾಗಲಿಲ್ಲ. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಕಾಯಿಲೆಯನ್ನಾದರೆ ಬೈಯಬಹುದು, ಇದಕ್ಕೆ ಯಾರನ್ನೆಂದು ಬೈಯುವುದು? ನನಗೆ ಸೋತು ಸುಣ್ಣವಾದಂತಾಗಿತ್ತು.

ಆಸ್ಪತ್ರೆಯಲ್ಲಿ ಮಧ್ಯಾಹ್ನ ನರ್ಸ್ ಇನ್ಸುಲಿನ್ ಕೊಟ್ಟು, ಊಟದ ತಟ್ಟೆಯನ್ನು ಅಮ್ಮನ ಮುಂದಿಟ್ಟು ಹೋದರು. ಅಪ್ಪ ಬೆಳಿಗ್ಗೆಯಿಂದ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ತಟ್ಟೆ ಇರುವುದು ಒಂದೇ, ಇಲ್ಲಾದರೂ ಅವಳು ಮೊದಲು ಉಣ್ಣುತ್ತಾಳೆ ಎಂದುಕೊಂಡು ನಾನು ಔಷಧಿ ತರಲು ಕೆಳಗೆ ಹೋದೆ.

ಬಂದು ನೋಡಿದರೆ ತಟ್ಟೆ ಅಪ್ಪನ ತೊಡೆಯ ಮೇಲಿತ್ತು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಮ್ಮ ದಿಂಬಿಗೊರಗಿ, ಹಣೆಯೆಲ್ಲ ಬೆವತು, ಅವರನ್ನೇ ನೋಡುತ್ತಾ ಕೇಳುತ್ತಿದ್ದಳು, "ಉಪ್ಪು ಕಡಿಮೆ ಉಂಟು, ಅಲ್ವಾ?"