ಕಟ್ಟುವವಳು ನಾನು, ಬಾಚುವವರು ನೀವು

ಕೊಡ್ಲಿ ಊರಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುರುಲಿಂಗಯ್ಯನವರ ಹಿತ್ತಲಲ್ಲಿ ಯಶೋಧರಾ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಾರೆ. ಎದುರಿಗೆ ಎರಡು ವರ್ಷದ ಹಿಂದೆ ಅವರೇ ಕಟ್ಟಿದ ಪಾಯಖಾನೆ; ಇವತ್ತು ಅದರ ಗೊಬ್ಬರ ತೆಗೆಯುವುದನ್ನು ನೋಡಲು ಬಂದಿದ್ದಾರೆ. ಅದರ ಪಕ್ಕ ಸಲಿಕೆ ಹಿಡಿದು ನಿಂತವನು ಕೇರಿಯ ಭೀಮು. ಅವನನ್ನು ಕಂಡದ್ದೇ ತಡ, ಯಶೋಧರಾಗೆ ಮೈಯೆಲ್ಲ ಉರಿದುಹೋಗಿದೆ.

“ನಿನ್ನ ಯಾರ್ ಕರದ್ರು?”

“ಅಯ್ಯನೋರು ಹೇಳಿಕಳ್ಸಿದ್ರಕ್ಕ. ಗೊಬ್ಬರ ತೆಗೀಬೇಕಂತ.”

“ಸಲಿಕಿ ಕೆಳಗಿಡು. ಮನಿಗಿ ನಡಿ.”

ಈ ಸಿಟ್ಟು ಅರ್ಥವಾಗಬೇಕಾದರೆ ಇಲ್ಲಿಯ ನೆಲ ಗೊತ್ತಿರಬೇಕು. ಶಹಾಬಾದ, ವಾಡಿ, ಚಿತ್ತಾಪುರದ ಎಷ್ಟೋ ಹಳ್ಳಿಗಳಲ್ಲಿ ಎರಡಡಿ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದು ಹಾಸುಗಲ್ಲಿಗೆ ಬಡಿಯುತ್ತದೆ. ಗುಂಡಿ ಪಾಯಖಾನೆ ಕಟ್ಟಿ, ಫೋಟೋ ಹೊಡೆಸಿಕೊಂಡು ಹೋದ ಗುತ್ತಿಗೆದಾರ ಮಹಾಶಯರಿಗೆ ಅದೆಲ್ಲ ಯಾಕೆ ಬೇಕು? ಮಳೆಗಾಲದಲ್ಲಿ ಆ ಗುಂಡಿ ಉಕ್ಕುತ್ತದೆ. ಬೇಸಿಗೆಯಲ್ಲಿ ಒಳಗೆ ಕಟ್ಟಿಗೆ, ಕುಳ್ಳು ತುಂಬುತ್ತಾರೆ. ಹೆಂಗಸರು ಮತ್ತೆ ಚೊಂಬು ಹಿಡಿದು ಬಯಲಿಗೇ ಹೋಗುತ್ತಾರೆ.

ಗುಂಡಗುರ್ತಿಯಲ್ಲಿ ಗಾರೆಕೆಲಸ ಮಾಡುವ ಗೌಂಡಿ ಯಶೋಧರಾ ಅಗೆಯುವುದನ್ನೇ ಬಿಟ್ಟುಬಿಟ್ಟರು. ಒಂದು ಸಂಸ್ಥೆಯವರು ಮೂರು ದಿನ ಕಲಿಸಿದ್ದನ್ನು ಊರ ಕಲ್ಲಿಗೆ ಒಗ್ಗಿಸಿಕೊಂಡು, ಫರ್ಸಿ ಎಂಬ ಚಪ್ಪಡಿ ಕಲ್ಲಿನಿಂದ ನೆಲದ ಮೇಲೆಯೇ ಮೂರಡಿ ಎತ್ತರದ ಎರಡು ಗೂಡು ಕಟ್ಟುತ್ತಾರೆ. ಮೇಲೆ ಕೂರುವ ಜಾಗ. ಹೋದವರು ಪ್ರತಿ ಸಲ ಒಂದು ಹಿಡಿ ಒಲೆಬೂದಿ, ಒಂದು ಹಿಡಿ ತೊಗರಿ ಹೊಟ್ಟು ಹಾಕಬೇಕು. ತೊಳೆದ ನೀರು ಬೇರೆ ದಾರಿಯಲ್ಲಿ ಬಾಳೆಗಿಡಕ್ಕೆ ಹೋಗುತ್ತದೆ. ಒಂದು ಗೂಡು ತುಂಬಿದಾಗ ಮುಚ್ಚಿ ಇನ್ನೊಂದನ್ನು ಬಳಸಿದರೆ, ಮುಚ್ಚಿದ್ದು ವರ್ಷದಲ್ಲಿ ಗೊಬ್ಬರವಾಗುತ್ತದೆ.

ಮೂವತ್ತಾರು ವರ್ಷದ ಯಶೋಧರಾ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದು ಮೊದಲ ಬಸ್ಸು ಹಿಡಿಯುತ್ತಾರೆ. ಒಂದು ಪಾಯಖಾನೆಗೆ ಹನ್ನೊಂದು ದಿನ ಬೇಕು. ಆರು ವರ್ಷದಲ್ಲಿ ನಲವತ್ತೊಂದು ಕಟ್ಟಿದ್ದಾರೆ. ಹದಿನಾಲ್ಕು ಮನೆಗಳಿಂದ ಕರಣಿ ಎತ್ತಿಕೊಂಡು ವಾಪಸ್ ಬಂದಿದ್ದಾರೆ. ಅವರ ಷರತ್ತಿಗೆ ಒಪ್ಪದ ಮನೆಗಳು ಅವು. ಮೊದಲ ಕಲ್ಲಿನ ಮೇಲೆ ಯಜಮಾನ ಕೈಯಿಟ್ಟು, ನಾಲ್ಕು ಮಂದಿಯ ಎದುರು, ‘ಇದರ ಗೊಬ್ಬರ ತೆಗೆಯುವವರು ನಾವೇ’ ಎಂದು ಹೇಳಬೇಕು. ಹೇಳದಿದ್ದರೆ ಎರಡನೆಯ ಕಲ್ಲು ಏಳುವುದಿಲ್ಲ.

ಈ ಷರತ್ತು ಹುಟ್ಟಿದ್ದು ಅಪ್ಪ ನಾಮದೇವರಿಂದ. ಶಹಾಬಾದದ ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಸೀಳಿದ ಮನುಷ್ಯ. ಯಶೋಧರಾ ಹೇಳುತ್ತಾರೆ: “ಕಲ್ಲಿನ ಕೆಲಸ ಅದ ಅಂತ ಒಬ್ಬ ಸಾಹುಕಾರ ಕರಸ್ದ. ಹಾಸುಗಲ್ಲು ಎತ್ತಿದ್ರ ಕೆಳಗ ತುಂಬಿದ ಗುಂಡಿ ಇತ್ರಿ. ‘ಹೆಂಗೂ ಎತ್ತೀದಿ, ಇಳದು ಬಾಚಿಬಿಡು’ ಅಂದ್ನಂತ. ನಮ್ಮಪ್ಪ ಎದುರಾಡಲಿಲ್ಲ, ಇಳದ. ಅವತ್ತಿನಿಂದ ಕೈಲೆ ಉಂಡಿಲ್ರಿ. ಅವ್ವ ರೊಟ್ಟಿ ಮುರದು ಬ್ಯಾಳ್ಯಾಗ ನೆನಸಿ ಕೊಡ್ತಾಳ, ಚಮಚಲೆ ತಿಂತಾನ. ಹದಿನಾರು ವರ್ಷ ಆತು.”

ಹೀಗೆ ಮಲ ಬಾಚಿಸುವುದು ಅಪರಾಧವೆಂದು ಕಾನೂನಿದೆ. ಕಾನೂನು ಇದೆ, ಸಾಹುಕಾರನೂ ಇದ್ದಾನೆ, ಚೆನ್ನಾಗಿಯೇ ಇದ್ದಾನೆ.

ಹಿತ್ತಲಿಗೆ ಗುರುಲಿಂಗಯ್ಯನವರು ಬರುತ್ತಾರೆ. ಹಣೆಯ ವಿಭೂತಿ ಇನ್ನೂ ಹಸಿ. “ಮಾತು ಕೊಟ್ಟಿದ್ದು ಖರೇ, ಯಶೋಧರಾ. ಆದ್ರ ಲಿಂಗ ಕಟ್ಕೊಂಡ ಮೈ ಇದು. ಹ್ಯಾಂಗ ಕೈ ಹಾಕ್ಲಿ ಹೇಳು?”

“ಭೀಮುಂದು ಮೈ ಅಲ್ಲೇನ್ರಿ ಅಯ್ಯನೋರೆ? ಒಳಗ ಬಸವಣ್ಣನ ಫೋಟೋಕ್ಕ ಕೈ ಮುಗೀತೀರಿ, ಹೊರಗ ಬಂದು ಇವನ ಕೈಗಿ ಸಲಿಕಿ ಕೊಡ್ತೀರಿ. ನಾಚಿಕಿ ಬರಂಗಿಲ್ಲೇನ್ರಿ?” ಯಶೋಧರಾ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಳ್ಳುತ್ತಾರೆ. “ನೀವು ತೆಗೀಲಿಲ್ಲಂದ್ರ ನಾ ಕಟ್ಟಿದ್ದು ನಾನೇ ಒಡದು ಹೋಗ್ತೀನಿ.”

ಒಡೆಯುವ ಹೆಂಗಸೇ ಅವರು. ಬೇಲಿಯಾಚೆ ಮೂರು ಮನೆಯವರು ನಿಂತು ನೋಡುತ್ತಿದ್ದಾರೆ, ಮೂವರಿಗೂ ಇಂಥದೇ ಪಾಯಖಾನೆ ಬೇಕಾಗಿದೆ. ಇವತ್ತು ಇಲ್ಲಿ ಭೀಮು ಬಾಚಿದರೆ ನಾಳೆ ಆ ಮೂರೂ ಮನೆಯಲ್ಲಿ ಅವನೇ ಬಾಚಬೇಕು. ಭೀಮುವಿನ ತಲೆಗೆ ಹೊಸದೊಂದು ಬಿಟ್ಟಿ ಚಾಕರಿಯನ್ನು ಯಶೋಧರಾ ಕೈಯಾರೆ ಕಟ್ಟಿಕೊಟ್ಟಂತಾಗುತ್ತದೆ.

ಅಷ್ಟರಲ್ಲಿ ಗುರುಲಿಂಗಯ್ಯನವರ ಹೆಂಡತಿ ಶಿವಗಂಗಾ ಅಡುಗೆಮನೆಯಿಂದ ಬರುತ್ತಾರೆ. ಗಂಡನತ್ತ ನೋಡುವುದೂ ಇಲ್ಲ. ಭೀಮು ಕೆಳಗಿಟ್ಟ ಸಲಿಕೆ ಎತ್ತಿಕೊಂಡು, “ಮೂರು ಕೂಸಿಂದು ಬಳದ ಕೈ ಇದು. ಸರೀರಿ ಅತ್ಲಾಗ,” ಎನ್ನುತ್ತಾರೆ. ಗೂಡಿನ ಬಾಗಿಲುಗಲ್ಲು ಸರಿಯುತ್ತದೆ. ಒಳಗೆ ಕಪ್ಪಗೆ, ಉದುರುದುರಾಗಿ ಮಣ್ಣು. ನಾತವಿಲ್ಲ. ನಾಲ್ಕನೆಯ ಬುಟ್ಟಿಗೆ ಗುರುಲಿಂಗಯ್ಯನವರು ಧೋತರ ಮೇಲೆ ಕಟ್ಟುತ್ತಾರೆ. ಬುಟ್ಟಿ ಹೊತ್ತು ತೊಗರಿ ಹೊಲಕ್ಕೆ ನಡೆಯುವಾಗ ಬೇಲಿಯಾಚೆಯವರ ಕಡೆ ಮುಖ ಎತ್ತುವುದಿಲ್ಲ. ಆದರೆ ನಡೆಯುತ್ತಾರೆ.

ಕೆಲಸ ಮುಗಿದ ಮೇಲೆ ಶಿವಗಂಗಾ ಸಾಬೂನು ಹಚ್ಚಿ ಕೈ ತೊಳೆದು, ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ತರುತ್ತಾರೆ. “ಕುಂದ್ರು ಬಾ, ಯಶೋಧರವ್ವ.” ಅದೇ ಕೈಯಿಂದ ರೊಟ್ಟಿ ಮುರಿದು ಅರ್ಧ ಅವರಿಗೆ ಕೊಟ್ಟು, ಅರ್ಧ ತಾವು ತಿನ್ನತೊಡಗುತ್ತಾರೆ. ಅಷ್ಟು ಹೊತ್ತು ಗುಡುಗಿದ ಯಶೋಧರಾ ಆ ಕೈಯನ್ನೇ ನೋಡುತ್ತ ಕೂತುಬಿಡುತ್ತಾರೆ. ಕಣ್ಣು ತುಂಬಿದೆ.

ನಿಮಗೇನು ಬೇಕು ಎಂದು ಕೇಳಿದರೆ ಪ್ರಶಸ್ತಿ, ಸನ್ಮಾನದ ಮಾತಿಲ್ಲ.

“ನಮ್ಮಪ್ಪನ್ನ ಒಂದಿನ ಇಲ್ಲಿಗಿ ಕರ್ಕೊಂಡ್ ಬರ್ತೀನ್ರಿ. ಈ ಅಕ್ಕೋರು ಉಣ್ಣೋದು ನೋಡ್ಲಿ. ನೋಡಿ, ತಾನೂ ಒಂದು ತುತ್ತು ಕೈಲೆ ಮುರದು ತಿನ್ಲಿ. ಅಲ್ಲೀ ತನಕ ನನ್ನ ಸಿಟ್ಟು ಇಳ್ಯಂಗಿಲ್ರಿ.”