ಬೇವಿನ ಗಿಡದ ಕೆಳಗೆ ಬರೆದ ಪಟ್ಟಿ

ರಾಘಣ್ಣ ಮೇಷ್ಟ್ರು ಮಾತಿಗೆ ನಿಂತರೆಂದರೆ ಸಿರುಗುಪ್ಪದ ಸಂತೆಯಲ್ಲಿ ಮೆಣಸಿನಕಾಯಿ ತೂಗುವವನೂ ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದ. ಅಂಥ ಬಾಯಿ. ಆ ಬಾಯಿಯಷ್ಟು ಕಾಲುಗಳೂ ಓಡಾಡಿದ್ದರೆ ಈ ಕತೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಹುಟ್ಟಿದ್ದು ಕುರುಗೋಡಿನ ಬಡ ವೈಷ್ಣವರ ಮನೆಯಲ್ಲಿ. ಓದಿದ್ದು ಬಳ್ಳಾರಿಯಲ್ಲಿ, ವಾರಾನ್ನ ಉಂಡು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಒಳಗಿನವರು ಎಲೆ ಹಾಕಿ ಕರೆಯುವ ತನಕ ಹೊಸ್ತಿಲಾಚೆ ನಿಂತು ಕಾಯಬೇಕು. ಕೆಲವು ಮನೆಗಳಲ್ಲಿ ಹುಡುಗ ಬಂದಿದ್ದಾನೆಂಬುದೇ ಮರೆತುಹೋಗುತ್ತಿತ್ತು. ಹಾಗೆ ಹಸಿದು ಬಂದ ರಾತ್ರಿಗಳನ್ನು ಮೇಷ್ಟ್ರು ತಮ್ಮ ಮಕ್ಕಳಿಗೆ ಕಣ್ಣೀರು ತುಂಬಿಕೊಂಡು ಹೇಳುತ್ತಿದ್ದರು. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಸಿರುಗುಪ್ಪಕ್ಕೆ ಮೇಷ್ಟ್ರಾಗಿ ಬಂದರು. ಹೆಂಡತಿ ಪದ್ಮಾಬಾಯಿ, ಎರಡು ಮಕ್ಕಳು, ಹಿತ್ತಲಲ್ಲಿ ತುಳಸಿ, ಬಚ್ಚಲ ಒಲೆಗೆ ಸಗಣಿಯ ಕುಳ್ಳು.

ಆ ಕುಳ್ಳು ತಂದು ಹಾಕುತ್ತಿದ್ದವಳು ಹುಲುಗಮ್ಮ. ಊರ ಹೊರಗಿನ ಕೇರಿಯವಳು, ಗಂಡ ಪ್ಲೇಗಿನಲ್ಲಿ ಹೋಗಿದ್ದ, ಮಕ್ಕಳಿಲ್ಲ. ಹಗಲೆಲ್ಲ ಕೂಲಿ, ಸಂಜೆ ಬುಟ್ಟಿ ಹೊತ್ತು ಬಂದು ಹಿತ್ತಲ ಬಾಗಿಲಾಚೆ ಕುಳ್ಳು ಸುರಿದು ದೂರ ನಿಲ್ಲುವಳು. ಪದ್ಮಾಬಾಯಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವರು. ಎಂಟು ವರ್ಷ ಹೀಗೇ ನಡೆದಿತ್ತು.

ಐವತ್ತರಲ್ಲಿ ತಾಲ್ಲೂಕು ಕಚೇರಿಯಿಂದ ಮೇಷ್ಟ್ರಿಗೆ ಎರಡು ಕೆಲಸ ಬಂದವು. ಒಂದು, ಮತದಾರರ ಪಟ್ಟಿ ಬರೆಯುವುದು. ಇನ್ನೊಂದು, ಪಟ್ಟಿಗೆ ಹೆಸರು ಬರೆಸಿರೆಂದು ಜನರಿಗೆ ತಿಳಿಹೇಳುವುದು. ಎರಡನೆಯದನ್ನು ಅವರು ಹಬ್ಬದ ಊಟದಂತೆ ಮಾಡಿದರು. ಸಂತೆಯ ದಿನ ಬಂಡಿಯ ಮೇಲೆ ಹತ್ತಿ ನಿಂತು ಕೈಯೆತ್ತಿ ಹೇಳಿದರು:

"ಗೌಡ್ರಿಗೂ ಒಂದ ಓಟು, ಗೌಡ್ರ ಹೊಲದಾಗ ಕಳೆ ಕೀಳಾಕಿಗೂ ಒಂದ ಓಟು! ಇನ್ನ ಮ್ಯಾಲ ನಿಮ್ಮನ್ನ ಲೆಕ್ಕಕ್ಕ ಹಿಡೀಲಿಕ್ಕೇ ಬೇಕು. ಒಬ್ಬರೂ ಬಿಟ್ಟುಹೋಗಬಾರದು!"

ಜನ ಚಪ್ಪಾಳೆ ತಟ್ಟಿದರು. ಗುಂಪಿನ ಹಿಂದೆ, ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹುಲುಗಮ್ಮ ನಿಂತಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಮೊದಲನೆಯ ಕೆಲಸದ ಬಗ್ಗೆ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪ್ರತಿ ಮನೆಯ ಬಾಗಿಲಿಗೆ ಹೋಗಿ ಕೇಳಿ ಬರೆಯತಕ್ಕದ್ದು. ಊರೊಳಗೆ ಮೇಷ್ಟ್ರು ಹಾಗೇ ಮಾಡಿದರು; ಮಜ್ಜಿಗೆ, ಎಲೆಅಡಿಕೆ ಎಲ್ಲ ಆಯಿತು. ಕೇರಿಯ ಸರದಿ ಬಂದಾಗ ಮಾತ್ರ ಅವರ ಕಾಲು ಹಿಂದೆ ಬಿದ್ದವು. ಬೆಳಿಗ್ಗೆ ಪೂಜೆ, ಸಂಜೆ ಸಂಧ್ಯಾವಂದನೆ. ಮಧ್ಯಾಹ್ನ ಹೋಗಿಬಂದರೆ ಒಂದೇ ಸ್ನಾನದಲ್ಲಿ ಮುಗಿಯುತ್ತದೆಂದು ಸುಡು ಬಿಸಿಲಿನಲ್ಲಿ ಹೊರಟರು. ಕೇರಿಯ ಬಾಯಲ್ಲೊಂದು ಬೇವಿನ ಗಿಡ. ಅದನ್ನು ದಾಟಲಿಲ್ಲ. ಅಲ್ಲೇ ನೆರಳಲ್ಲಿ ನಿಂತು ಕೂಗಿದರು.

ಆ ಹೊತ್ತಿನಲ್ಲಿ ಕೇರಿಯಲ್ಲಿ ಯಾರಿರುತ್ತಾರೆ? ಎಲ್ಲರೂ ಹೊಲದಲ್ಲಿ. ಹಗ್ಗ ಹೊಸೆಯುತ್ತ ಕೂತಿದ್ದ ಮುದುಕ ಸುಂಕಪ್ಪ ಎದ್ದು ಬಂದು ಹತ್ತು ಹೆಜ್ಜೆ ದೂರ ನಿಂತ.

"ಎಲ್ಲಾ ಮನಿಯವರ ಹೆಸರು ಹೇಳು ಸುಂಕಪ್ಪ."

ಸುಂಕಪ್ಪ ನೆನಪಿನಿಂದ ಹೇಳುತ್ತ ಹೋದ. ಅವನಿಗೆ ಮನೆಯೆಂದರೆ ಮನೆಯ ಗಂಡಸು. ಮಲ್ಲಯ್ಯನ ಮನೆ: ಮಲ್ಲಯ್ಯ, ಅವನ ಹೆಂಡತಿ ಊರಮ್ಮ, ಅವನ ತಾಯಿ. ಜಡೆಪ್ಪನ ಮನೆ: ಜಡೆಪ್ಪ, ತಮ್ಮ, ಇಬ್ಬರ ಹೆಂಡಿರು. ಹೀಗೆ ಗಂಡಸಿನ ಹೆಸರು ಹಿಡಿದು ಅವನ ಬೆನ್ನಿಗೆ ಹೆಂಗಸರು. ಗಂಡಸರಿಲ್ಲದ ಮನೆಗಳು, ಕಾಲುವೆಯ ಕಡೆಗಿನ ಹಿಂದಿನ ಸಾಲಿನಲ್ಲಿ ವಿಧವೆಯರು ಒಬ್ಬೊಬ್ಬರೇ ಇದ್ದ ಹನ್ನೊಂದು ಗುಡಿಸಲು, ಮುದುಕನ ನೆನಪಿಗೆ ಬರಲಿಲ್ಲ. ಮೇಷ್ಟ್ರೂ ಕೇಳಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದರು. ನೀರು ಕಾಯಿಸಿದ್ದು ಹುಲುಗಮ್ಮನ ಕುಳ್ಳಿನಿಂದಲೇ.

ತಿಂಗಳುಗಳಾದ ಮೇಲೆ ಪಟ್ಟಿ ಅಚ್ಚಾಗಿ ಬಂತು. ಒಂದು ಪ್ರತಿ ಚಾವಡಿಯ ಗೋಡೆಗೆ, ಒಂದು ಮೇಷ್ಟ್ರ ಮನೆಗೆ. ಹೆಸರು ಬಿಟ್ಟುಹೋಗಿದ್ದರೆ ಇಂಥ ತಾರೀಖಿನೊಳಗೆ ಅರ್ಜಿ ಹಾಕಬೇಕೆಂದು ಡಂಗುರ ಸಾರಿದರು. ಅವತ್ತು ಸಂಜೆ ಹುಲುಗಮ್ಮ ಕುಳ್ಳು ಸುರಿದು, ಹೋಗದೆ ನಿಂತಳು.

"ಅಯ್ಯೋರ, ಪಟ್ಟಿ ಬಂದೈತಂತಲ್ರಿ. ಅದರಾಗ ನನ್ನ ಹೆಸರು ಐತೇನ್ರಿ? ನಮ್ಮ ಕೇರಿ ಹುಡುಗ ಹಂಪಯ್ಯ ಬಳ್ಳಾರಿ ಕೌಲ್ ಬಜಾರಿನ್ಯಾಗ ಕೆಲಸಕ್ಕದಾನ, ನಾಲ್ಕಕ್ಷರ ಕಲ್ತಾನ. ಬರೋ ವಾರ ಬಂದಾಗ ಓದಿ ಹೇಳ್ತೀನಿ ಅಂದಾನ. ನೀವಾ ಇರುವಾಗ ಅವಂಗ್ಯಾಕ ಕಾಯಲಿ ಅಂತ ಕೇಳಿದ್ನಿರಿ."

"ತಡೀ, ನೋಡ್ತೀನಿ," ಎಂದು ಮೇಷ್ಟ್ರು ಒಳಗೆ ಹೋದರು. ಕೇರಿಯ ಪುಟ ತೆಗೆದು ಬೆರಳಿಟ್ಟು ನೋಡಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಹುಲುಗಮ್ಮ ಇರಲಿಲ್ಲ. ಅವಳ ಪಕ್ಕದ ಗುಡಿಸಲಿನ ಹನುಮಮ್ಮ ಇರಲಿಲ್ಲ. ಹಿಂದಿನ ಸಾಲಿನ ಒಬ್ಬಳೂ ಇರಲಿಲ್ಲ. ಎಂಟು ವರ್ಷದಿಂದ ದಿನಾ ಕಣ್ಣಿಗೆ ಬೀಳುವವಳು, ಬರೆಯುವಾಗ ಒಮ್ಮೆಯಾದರೂ ನೆನಪಾಗಬಾರದಿತ್ತೇ? ಮೇಷ್ಟ್ರು ಪಟ್ಟಿ ಮಡಚಿಟ್ಟರು.

ಇಲ್ಲ ಅಂದರೆ ಅವಳು ಯಾಕೆ ಅನ್ನುತ್ತಾಳೆ. ನಾನು ನಿಮ್ಮ ಬಾಗಿಲಿಗೆ ಬರಲಿಲ್ಲ ಅನ್ನಬೇಕು. ತಹಶೀಲ್ದಾರರ ಕಿವಿಗೆ ಬಿದ್ದರೆ ಬಂಡಿಯ ಮೇಲೆ ಕೈಯೆತ್ತಿ ಮಾತಾಡಿದವರು ಇವರೇನಾ ಎಂದು ಕೇಳುತ್ತಾರೆ. ಇನ್ನೂ ದಿನ ಇವೆಯಲ್ಲ, ಸದ್ದಿಲ್ಲದೆ ಸೇರಿಸಿಬಿಟ್ಟರಾಯಿತು ಎಂದುಕೊಂಡು ಹೊರಗೆ ಬಂದರು.

"ಅದ, ಹುಲುಗಮ್ಮ. ನಿನ್ನ ಹೆಸರು ಅದ."

ಅವಳ ಮುಖ ಅರಳಿತು. "ನನ್ನ ಹೆಸರು ಅಚ್ಚಿನ್ಯಾಗ!" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಹಿಂದಿನ ಸಾಲಿನ ಉಳಿದವರಿಗೂ ಹೇಳುತ್ತೇನೆಂದು ಹೋದಳು. ಅವಳದಿದ್ದ ಮೇಲೆ ತಮ್ಮವೂ ಇರುತ್ತವೆಂದು ಅವರೂ ನಂಬಿದರು; ಹಂಪಯ್ಯ ಬಂದಾಗ ಓದಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅಯ್ಯೋರೇ ನೋಡಿ ಹೇಳಿದ ಮೇಲೆ ಮತ್ತೇನು!

ಮೇಷ್ಟ್ರು ಅರ್ಜಿಗಳನ್ನು ತಂದದ್ದು ನಿಜ. ಹನ್ನೊಂದನ್ನೂ ತುಂಬಿದರು. ಆದರೆ ಕೆಳಗೆ ಅರ್ಜಿದಾರರ ಹೆಬ್ಬೆಟ್ಟಿನ ಗುರುತು ಬೇಕಿತ್ತು. ಹೆಬ್ಬೆಟ್ಟು ಒತ್ತಿಸಲು ಹನ್ನೊಂದು ಬಾಗಿಲಿಗೆ ಹೋಗಬೇಕು, ಮಸಿ ಹಚ್ಚಲು ಹನ್ನೊಂದು ಕೈ ಹಿಡಿಯಬೇಕು, ಆಡಿದ ಸುಳ್ಳನ್ನು ಒಪ್ಪಿಕೊಳ್ಳಬೇಕು. ಇವತ್ತು ಏಕಾದಶಿ, ನಾಳೆ ಶಾಲೆಯ ತನಿಖೆ, ನಾಡಿದ್ದು ಬಳ್ಳಾರಿಗೆ ಹೋಗುವುದಿದೆ ಎಂದು ದಿನ ನೂಕಿದರು. ಕೊನೆಯ ತಾರೀಖಿನ ದಿನ ಅರ್ಜಿಗಳು ಅವರ ಕೈಚೀಲದಲ್ಲೇ ಇದ್ದವು. ಅವತ್ತು ಅವರು ಊಟಕ್ಕೆ ಕೂತು ಅರ್ಧಕ್ಕೇ ಎದ್ದರು. ಪದ್ಮಾಬಾಯಿ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದರು.

ಐವತ್ತೆರಡರ ಜನವರಿಯಲ್ಲಿ ಓಟು. ಮೇಷ್ಟ್ರನ್ನೇ ಪಟ್ಟಿ ಹಿಡಿದು ಹೆಸರು ಹುಡುಕುವ ಕೆಲಸಕ್ಕೆ ಹಾಕಿದ್ದರು. ಬೆಳಿಗ್ಗೆಯೇ ತಮ್ಮ ಓಟು ಹಾಕಿ, ಎಡಗೈ ಬೆರಳಿಗೆ ಮಸಿ ಹಚ್ಚಿಸಿಕೊಂಡು ಮೇಜಿಗೆ ಕೂತಿದ್ದರು. ಪ್ರತಿ ಸಲ ಬಾಗಿಲ ಕಡೆ ನೆರಳು ಬಿದ್ದಾಗ ತಲೆಯೆತ್ತಿ ನೋಡುತ್ತಿದ್ದರು.

ಹನ್ನೊಂದು ಹೆಂಗಸರೂ ಒಟ್ಟಿಗೇ ಬಂದರು. ಒಗೆದ ಸೀರೆ ಉಟ್ಟು, ಅವತ್ತಿನ ಕೂಲಿ ಬಿಟ್ಟು. ಎಲ್ಲರ ಮುಂದೆ ಹುಲುಗಮ್ಮ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು.

"ಹುಲುಗಮ್ಮ ಅದೀನ್ರಿ ಅಯ್ಯೋರ," ಎಂದು ಬೆರಳು ಮುಂದೆ ಚಾಚಿದಳು.

ಇಲ್ಲವೆಂದು ಗೊತ್ತಿದ್ದೂ ಮೇಷ್ಟ್ರು ಪುಟ ತಿರುವಿದರು. ತಿರುವುತ್ತಲೇ ಇದ್ದರು. ಬಳ್ಳಾರಿಯಿಂದ ಬಂದಿದ್ದ ಅಧಿಕಾರಿ ಬೇಸತ್ತು, "ಏನ್ರೀ, ಇದೆಯೋ ಇಲ್ಲವೋ?" ಅಂದರು.

"ಇಲ್ಲ ಸಾರ್."

"ಐತ್ರಿ!" ಎಂದಳು ಹುಲುಗಮ್ಮ. "ಅಯ್ಯೋರಾ ನೋಡಿ ಹೇಳ್ಯಾರ್ರಿ, ಐತಿ ಅಂತ. ಕೇಳ್ರಿ ಬೇಕಾರ."

ಅಧಿಕಾರಿ ನಕ್ಕರು. "ಮೇಷ್ಟ್ರು ಯಾಕಮ್ಮ ಸುಳ್ಳು ಹೇಳ್ತಾರೆ? ಬರೆಯೋಕೆ ಬಂದಾಗ ನೀವು ಎಲ್ಲೋ ಹೋಗಿದ್ದಿರಿ, ಈಗ ಅವರ ಮೇಲೆ ಹಾಕ್ತೀರಿ. ಹೌದೇನ್ರೀ ಮೇಷ್ಟ್ರೇ?"

ಬಾಯಿ ತೆರೆಯಲು ಅದೊಂದು ಗಳಿಗೆ ಸಾಕಿತ್ತು. ಸಂತೆಯನ್ನೇ ನಿಲ್ಲಿಸುತ್ತಿದ್ದ ಬಾಯಿ. ಮೇಷ್ಟ್ರು ತಲೆ ತಗ್ಗಿಸಿ, ಹೌದೆಂದೂ ಅಲ್ಲವೆಂದೂ ಅನ್ನದೆ ಕೂತರು. ತಗ್ಗಿಸಿದ ತಲೆಯನ್ನು ಅಧಿಕಾರಿ ಹೌದೆಂದೇ ತಿಳಿದುಕೊಂಡರು.

ಹುಲುಗಮ್ಮ ಜಗಳವಾಡಲಿಲ್ಲ. ಮೇಷ್ಟ್ರ ಮುಖ ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ಅವರ ಮಸಿಯ ಬೆರಳು ನೋಡಿದಳು. ಚಾಚಿದ್ದ ತನ್ನ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡು, "ನಡೀರಿ, ಬಿಸಿಲಾತು," ಎಂದು ಉಳಿದವರನ್ನು ಕರೆದುಕೊಂಡು ಹೋದಳು.

ಆ ಮಸಿಯನ್ನು ಮೇಷ್ಟ್ರು ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬೂದಿ ಹಚ್ಚಿ ತಿಕ್ಕಿದರು. ಹೋಗಲಿಲ್ಲ. ಶಾಲೆಯಲ್ಲಿ ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಪಾಠ ಮಾಡಿದರು. ಹುಲುಗಮ್ಮ ಎಂದಿನಂತೆ ಕುಳ್ಳು ತಂದು ಸುರಿದು ಹೋಗುತ್ತಿದ್ದಳು. ಅವಳು ಬರುವ ಹೊತ್ತಿಗೆ ಮೇಷ್ಟ್ರು ಬೀದಿಯ ಬಾಗಿಲಿಂದ ಹೊರಗೆ ಹೋಗಿಬಿಡುವರು. ಭಾಷಣಕ್ಕೆ ಕರೆದರೂ ಮತ್ತೆ ಬಂಡಿ ಹತ್ತಲಿಲ್ಲ. ಗಂಟಲು ಕೆಟ್ಟಿದೆಯಂತೆ ಎಂದು ಜನ ಮಾತಾಡಿಕೊಂಡರು.

ಐವತ್ತಮೂರರಲ್ಲಿ ಊರ ಪಂಚಾಯ್ತಿ ಚುನಾವಣೆಗೆ ಪಟ್ಟಿ ತಿದ್ದುವ ಕೆಲಸ ಬಂತು. ಮೇಷ್ಟ್ರು ತಾವಾಗಿಯೇ ಹೋಗಿ ಕೇರಿಯ ಭಾಗ ಕೇಳಿ ಪಡೆದರು. ಹೊತ್ತು ಮೂಡುವ ಮುಂಚೆಯೇ, ಜನ ಕೂಲಿಗೆ ಹೊರಡುವ ಮುನ್ನ ಹೋದರು. ಬೇವಿನ ಗಿಡ ದಾಟಿದರು. ಒಂದೊಂದು ಬಾಗಿಲಲ್ಲೂ ನಿಂತು ಕೇಳಿ ಬರೆದರು. ಹುಲುಗಮ್ಮನ ಬಾಗಿಲಲ್ಲಿ ಬರೆಯುವುದನ್ನು ನಿಲ್ಲಿಸಿದರು.

"ಹುಲುಗಮ್ಮ, ಅವತ್ತು ನಾ ಸುಳ್ಳು ಹೇಳಿದ್ದೆ. ನಿನ್ನ ಹೆಸರು ಇದ್ದಿಲ್ಲ. ನಾ ನಿಮ್ಮ ಬಾಗಲಿಗೆ ಬಂದೇ ಇದ್ದಿಲ್ಲ."

"ಗೊತ್ತೈತ್ರಿ," ಎಂದಳು ಹುಲುಗಮ್ಮ. ಅಂಗಳ ಗುಡಿಸುವುದನ್ನು ಅವಳು ನಿಲ್ಲಿಸಿರಲಿಲ್ಲ. "ಬರ್ಕೊಳ್ರಿ. ಹುಲುಗಮ್ಮ. ಒಬ್ಬಾಕಿನಾ."

ಬೈದಿದ್ದರೆ ಮೇಷ್ಟ್ರ ಮನಸ್ಸು ಹಗುರಾಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ. ಅವರು ಬರೆದುಕೊಂಡು ಮುಂದಿನ ಬಾಗಿಲಿಗೆ ಹೋದರು.

ಪಟ್ಟಿಯನ್ನು ಚಾವಡಿಗೆ ಅಂಟಿಸಿದ ದಿನ ಮೇಷ್ಟ್ರು ಬೆಳಗಿನಿಂದ ಅಲ್ಲೇ ಕಾದರು. ಅವಳು ಬಂದು ಕೇಳಬೇಕು, ತಾವು ಬೆರಳಿಟ್ಟು ತೋರಿಸಬೇಕು. ಈ ಸಲ ಬಾಯಲ್ಲಿ ಬರುವುದು ನಿಜ. ಅಂದು ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಭಾನುವಾರ ಬಂದಳು, ಬಳ್ಳಾರಿಯಿಂದ ಬಂದಿದ್ದ ಹಂಪಯ್ಯನನ್ನು ಕರೆದುಕೊಂಡು. ಮೇಷ್ಟ್ರು ಲಗುಬಗೆಯಿಂದ ಎದ್ದರು.

"ಬಾ ಹುಲುಗಮ್ಮ, ನಿನ್ನ ಹೆಸರು ಅದ. ಇಲ್ಲೇ ಅದ, ನಾ ಓದ್ತೀನಿ."

"ಬ್ಯಾಡ ಬಿಡ್ರಿ ಅಯ್ಯೋರ," ಎಂದಳು ಅವಳು, ದನಿ ಏರಿಸದೆ. "ಹಂಪಯ್ಯ ಓದ್ತಾನ."

ಮೇಷ್ಟ್ರು ಗೋಡೆಯಿಂದ ಹಿಂದೆ ಸರಿದರು. ಹಂಪಯ್ಯ ಅಕ್ಷರ ಕೂಡಿಸುತ್ತ ಒಂದೊಂದೇ ಹೆಸರು ಓದಿಕೊಂಡು ಹೋಗಿ, "ಐತಿ ನೋಡವ್ವ, ಹುಲುಗಮ್ಮ," ಅಂದ. ಅವಳು ಮೇಷ್ಟ್ರ ಕಡೆ ತಿರುಗಿಯೂ ನೋಡದೆ, "ಇನ್ನೊಂದು ಸಲ ನೋಡಪ್ಪ," ಅಂದಳು. ಹಂಪಯ್ಯ ಮತ್ತೆ ಮೊದಲಿನಿಂದ ಓದತೊಡಗಿದ. ಮೇಷ್ಟ್ರು ಹತ್ತು ಹೆಜ್ಜೆ ದೂರದಲ್ಲಿ ನಿಂತು ಕೇಳಿಸಿಕೊಂಡರು.